ನೋಡೋರಿಗೂ ಆಟ ತಿಳೀಬೇಕು

ಮೈಸೂರಿನ ಗಂಜೀಫಾ ಎಲೆಗಳನ್ನು ಈಗ ಗಾಜಿನೊಳಗಿಟ್ಟು ತೋರಿಸುತ್ತಾರೆ. ಚಿತ್ರ ಚಂದ, ಆಡೋರು ಮಾತ್ರ ಅಪರೂಪ. ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳನ್ನೇ ಹೊಸದಾಗಿ ಕಟ್ಟಿದ್ದರು. ಗೋಡೆಗೆ ತೂಗುಹಾಕಲಿ ಅಂತಲ್ಲ.

ನಮ್ಮ ಕಡೆ ಮೇಳದವರನ್ನು ಕರೆದಂಗೆ, ಬಲ್ಲವರನ್ನು ವೀಳ್ಯ ಕೊಟ್ಟು ಕರೆಸಿ ಜನರ ಮುಂದೆ ಆಡಿಸಬೇಕು. ಹಣದ ಪಣ ಬೇಡ. ಆದರೆ ಸುಮ್ಮನೆ ಕೂಡಿಸಿದರೆ ಸಾಲದು. ಲಾವಣಿ ಸವಾಲು ಎಲ್ಲರ ಕಿವಿಗೂ ಬೀಳುತ್ತದೆ. ಕೈಯೊಳಗಿನ ಎಲೆ ಯಾರಿಗೂ ಕಾಣದು. ದಶಾವತಾರದ ಕಟ್ಟಿನಲ್ಲಿ ಅವತಾರಕ್ಕೆ 12ರಂತೆ 120 ಎಲೆ. ರಾಜ, ಮಂತ್ರಿ ಬಿಟ್ಟರೆ, ಐದು ಅವತಾರಗಳಲ್ಲಿ ಹತ್ತು ದೊಡ್ಡದು, ಇನ್ನೈದರಲ್ಲಿ ಒಂದೇ ದೊಡ್ಡದು. ಬಿದ್ದ ಎಲೆಯನ್ನು ಎತ್ತಿ ಹಿಡಿದು, ಯಾರು ಯಾಕೆ ಗೆದ್ದರು ಅಂತ ಕೂಗಿ ಹೇಳೋನು ಬೇಕು. ಅವನಿಲ್ಲದಿದ್ದರೆ ಜನ ಎದ್ದು ಹೋಗುತ್ತಾರೆ, ಆಟ ಮತ್ತೆ ಗಾಜಿನೊಳಕ್ಕೇ ಹೋಗುತ್ತದೆ.