ಮೊದಲ ಏಟಿಗೂ ಮುಂಚೆ: ಕಾಳಗದ ರಸಿಕರಿಗೊಂದು ಕೈಪಿಡಿ

ಬೆಂಗಳೂರಿನ ಬೋರ್ಡ್‌ಗೇಮ್ ಕೆಫೆಗಳಲ್ಲಿ ಭಾನುವಾರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವ ಮೇಜುಗಳಿಗೆ ಈಗ ಬರವಿಲ್ಲ. ಬರ ಇರುವುದು ರಸಿಕರಿಗೆ. ಇಪ್ಪತ್ತು ಮುಖದ ಡೈಸಿನಲ್ಲಿ ಇಪ್ಪತ್ತು ಬಿದ್ದರೆ ಸಾಕು, ಕೆಫೆಯ ಇನ್ನೊಂದು ಮೂಲೆಯವರು ತಿರುಗಿ ನೋಡುವಂತೆ ಕೂಗು, ಮೇಜು ಕುಟ್ಟುವುದು, ಸೆಲ್ಫಿ. ಇಪ್ಪತ್ತು ಸಲ ಎಸೆದರೆ ಒಂದು ಸಲ ಬೀಳುವ ಸಂಖ್ಯೆ ಅದು. ಅದರಲ್ಲಿ ಆಡಿದವನ ಹೆಚ್ಚುಗಾರಿಕೆ ಏನು ಬಂತು? ಅದಕ್ಕೆ ಹತ್ತು ನಿಮಿಷ ಮುಂಚೆ ಅದೇ ಮೇಜಿನಲ್ಲಿ ಯಾರು ಯಾರನ್ನು ಮೊದಲು ಕಂಡರು, ಯಾರ ಕೈ ಮೊದಲು ಎದ್ದಿತು ಎಂಬುದು ತೀರ್ಮಾನವಾಗಿ ಹೋಗಿರುತ್ತದೆ. ಆಗ ಅರ್ಧ ಜನ ಫೋನಿನಲ್ಲಿ, ಇನ್ನರ್ಧ ಜನ ಮೆನು ಕಾರ್ಡಿನಲ್ಲಿ.

ನನ್ನನ್ನು ಕೇಳಿದರೆ ಕಾಳಗದ ರಸವೆಲ್ಲ ಇರುವುದು ಆ ಎರಡು ತೀರ್ಮಾನಗಳಲ್ಲೇ. ಒಂದು ಸರ್‌ಪ್ರೈಸ್, ಇನ್ನೊಂದು ಇನಿಶಿಯೇಟಿವ್. ಹಿಟ್ ಪಾಯಿಂಟ್ ಎಂದರೇನು, ಆರ್ಮರ್ ಕ್ಲಾಸ್ ಎಂದರೇನು ಎಂದು ಇಲ್ಲಿ ವಿವರಿಸುತ್ತ ಕೂರುವುದಿಲ್ಲ, ಅದನ್ನು ಪಕ್ಕದಲ್ಲಿ ಕೂತವರು ಯಾರಾದರೂ ಹೇಳಿಕೊಡುತ್ತಾರೆ. ಈಗ ಬರುವ ಹೊಸಬರಲ್ಲಿ ಎಷ್ಟೋ ಮಂದಿ ಸ್ಟ್ರೇಂಜರ್ ಥಿಂಗ್ಸ್ ನೋಡಿ ಬಂದವರು. ಅದರ ಮೊದಲ ಕಂತಿನಲ್ಲಿ ಹುಡುಗರು ನೆಲಮಾಳಿಗೆಯಲ್ಲಿ ಆಡುವ ದೃಶ್ಯ ಇವರಿಗೆ ಬಾಯಿಪಾಠ. ಡೈಸ್ ಉರುಳಿ ನೆಲಕ್ಕೆ ಬಿದ್ದದ್ದು ನೆನಪಿದೆ. ರಾಕ್ಷಸ ಎದುರಿಗೆ ನಿಂತಿರುವಾಗ ರಕ್ಷಣೆಯ ಮಂತ್ರವೋ ಬೆಂಕಿಯುಂಡೆಯೋ ಎಂದು ಆ ಹುಡುಗರು ಕಿತ್ತಾಡಿದ ಕ್ಷಣಗಳು ನೆನಪಿಲ್ಲ. ಆ ದೃಶ್ಯದಲ್ಲಿ ಜೀವ ಇದ್ದದ್ದೇ ಅಲ್ಲಿ.

ನನ್ನ ಕಣ್ಣು ತೆರೆದದ್ದು ಮಲ್ಲೇಶ್ವರದ ಒಂದು ಮಹಡಿ ಕೋಣೆಯಲ್ಲಿ. ಅಲ್ಲಿ ಆಟ ಆಡಿಸುತ್ತಿದ್ದವರು ನಮಗಿಂತ ಹಿರಿಯರು, ಎಲ್ಲರಿಗೂ ‘ಅಣ್ಣ’. ಅವರದು 1981ರ ಬೇಸಿಕ್ ಮತ್ತು ಎಕ್ಸ್‌ಪರ್ಟ್ ಪುಸ್ತಕಗಳ ಮಡಿ. ನನಗೆ ಸಿಕ್ಕಿದ್ದು ಮೊದಲ ಮಟ್ಟದ ಮಾಂತ್ರಿಕ: ಎರಡೇ ಹಿಟ್ ಪಾಯಿಂಟು, ಇಡೀ ದಿನಕ್ಕೆ ಒಂದೇ ಮಂತ್ರ. ಎದುರಿಗೆ ಗಾಬ್ಲಿನ್‌ಗಳ ಹಿಂಡು. ಡೈಸಿಗೆ ಕೈ ಹಾಕಿದೆ. ಅಣ್ಣ ಅಂಗೈ ಅಡ್ಡ ಹಿಡಿದರು. “ಏನು ಮಾಡ್ತೀಯಾ, ಅದನ್ನ ಮೊದಲು ಹೇಳಪ್ಪಾ. ಡೈಸ್ ಆಮೇಲೆ.” ಸ್ಲೀಪ್ ಮಂತ್ರ ಅಂದೆ. ಆಮೇಲೆ ಮೇಜಿನ ಮೇಲೆ ಎರಡೇ ಡೈಸ್ ಉರುಳಿದವು, ಕೆಂಪು ನಮ್ಮದು, ಬಿಳಿ ಅವರದು. ನಮಗೆ ಮೂರು, ಅವರಿಗೆ ಐದು. ಒಂದು ಬಾಣ ಬಂದು ನನಗೆ ನಾಟಿತು. ಸಾಯಲಿಲ್ಲ, ಹೋದದ್ದು ಒಂದೇ ಪಾಯಿಂಟು. ಆದರೆ ಆಡುವುದಾಗಿ ಹೇಳಿದ ಮಂತ್ರ ಬಾಯಲ್ಲೇ ಸತ್ತಿತು. ಆ ಪುಸ್ತಕದ ನಿಯಮವೇ ಹಾಗೆ: ಯಾವ ಮಂತ್ರ ಎಂದು ಇನಿಶಿಯೇಟಿವ್‌ಗೆ ಮುಂಚೆಯೇ ಹೇಳಬೇಕು, ಸರದಿ ಬರುವುದರೊಳಗೆ ಪೆಟ್ಟು ಬಿದ್ದರೆ ಮಂತ್ರ ವ್ಯರ್ಥ. ಪಕ್ಕದಲ್ಲಿದ್ದ ಗೆಳೆಯ “ಮುಗೀತು ಬಿಡು ಮಾರಾಯ” ಅಂದ. ನಾನು ಮಾತ್ರ ಆ ಎರಡು ಡೈಸ್‌ಗಳನ್ನೇ ನೋಡುತ್ತ ಕೂತೆ.

ಇಡೀ ಗುಂಪಿಗೆ ಒಂದು ಡೈಸ್. ಗೆದ್ದ ಕಡೆಯವರು ಮೊದಲು ನಡೆಯುತ್ತಾರೆ, ಆಮೇಲೆ ಬಾಣ, ಆಮೇಲೆ ಮಂತ್ರ, ಕೊನೆಗೆ ಕತ್ತಿ. ಸುತ್ತಿಗೆ ಹತ್ತು ಸೆಕೆಂಡು, ಪ್ರತಿ ಸುತ್ತಿಗೂ ಹೊಸದಾಗಿ ಡೈಸ್. ಈ ಕೊನೆಯದರಲ್ಲೇ ಗುಟ್ಟಿರುವುದು. ಈ ಸುತ್ತಿನಲ್ಲಿ ಸೋತು ಕೊನೆಗೆ ಹೊಡೆದವರು ಮುಂದಿನ ಸುತ್ತಿನಲ್ಲಿ ಗೆದ್ದರೆ, ಎದುರಾಳಿ ಉಸಿರು ತೆಗೆದುಕೊಳ್ಳುವುದರೊಳಗೆ ಬೆನ್ನು ಬೆನ್ನಿಗೆ ಎರಡು ಸಲ ಹೊಡೆದಂತಾಯಿತು. ಅದು ನಮಗೂ ಆಗಬಹುದು, ಅವರಿಗೂ ಆಗಬಹುದು. ಗೆದ್ದೆವು ಅನ್ನಿಸಿದ ಜಗಳ ಒಂದೇ ಡೈಸಿನಲ್ಲಿ ಮಗುಚಬಹುದು. ಅದು ಗೊತ್ತಿದ್ದೂ ‘ಇನ್ನೊಂದು ಸುತ್ತು ನಿಲ್ಲೋಣವೋ, ಓಡೋಣವೋ’ ಎಂದು ಡೈಸಿಗೆ ಮುಂಚೆಯೇ ಬಾಯಿಬಿಟ್ಟು ಹೇಳಬೇಕು. ರಸಿಕರು ಗಮನಿಸಬೇಕಾದ್ದು ಆ ಮಾತನ್ನು. ಹೇಳುವವನ ದನಿಯಲ್ಲೇ ಎಲ್ಲ ತಿಳಿಯುತ್ತದೆ.

2000ದಲ್ಲಿ ಮೂರನೇ ಆವೃತ್ತಿ ಬಂತು, ಇದೆಲ್ಲ ಹೋಯಿತು. ಒಬ್ಬೊಬ್ಬರಿಗೂ ಒಂದೊಂದು ಇಪ್ಪತ್ತು ಮುಖದ ಡೈಸ್, ಅದಕ್ಕೆ ಡೆಕ್ಸ್‌ಟೆರಿಟಿ, ಅಂದರೆ ಚುರುಕುತನದ ಅಂಕ, ಕೂಡಿಸಿ ಬಂದ ಕ್ರಮವೇ ಕಾಳಗ ಮುಗಿಯುವವರೆಗೂ ಕಾಯಂ. ರೇಷನ್ ಅಂಗಡಿಯ ಕ್ಯೂ ಇದ್ದಂತೆ: ನನ್ನ ಮುಂದೆ ಯಾರು, ಹಿಂದೆ ಯಾರು ಎಂದು ಒಮ್ಮೆ ನೋಡಿಕೊಂಡರೆ ಸರಿ, ಆಮೇಲೆ ನಿದ್ದೆ ಮಾಡಬಹುದು. ತನ್ನ ಸರದಿ ಮುಗಿಸಿದ ಆಟಗಾರ ಇನ್ನು ನಾಲ್ಕೈದು ಜನರವರೆಗೆ ತನಗೆ ಕೆಲಸವಿಲ್ಲ ಎಂದು ಖಚಿತವಾಗಿ ಬಲ್ಲ. ಫೋನು ಆಚೆ ಬರುವುದು ಆಗಲೇ. ಲೆಕ್ಕ ಇಡುವುದು ಸುಲಭ ಎನ್ನುತ್ತಾರೆ. ಸುಲಭ ನಿಜ, ಎದೆ ಢವಗುಟ್ಟದಿರುವುದು ಯಾವತ್ತೂ ಸುಲಭವೇ.

ಹಾಗೆಂದು ಹಳೆಯದೆಲ್ಲ ಚಿನ್ನವಲ್ಲ. ಈ ಆಟವನ್ನು ರೂಪಿಸಿದವರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಬರೆದ ಇನಿಶಿಯೇಟಿವ್ ಇದೆಯಲ್ಲ, ಒಂದು ನಿಮಿಷದ ಸುತ್ತನ್ನು ಆರಾರು ಸೆಕೆಂಡಿನ ಹತ್ತು ಸೆಗ್ಮೆಂಟ್ ಮಾಡಿ, ಆಯುಧದ ವೇಗ, ಮಂತ್ರದ ಅವಧಿ ಎಂದೆಲ್ಲ ಸುತ್ತಿಟ್ಟದ್ದು, ಅದನ್ನು ಓದಿ ಒಂದೇ ಅರ್ಥಕ್ಕೆ ಬಂದ ಇಬ್ಬರನ್ನು ನಾನು ಕಂಡಿಲ್ಲ.

ಇನ್ನು ಸರ್‌ಪ್ರೈಸ್. 1974ರ ಮೂಲ ಆಟದಿಂದಲೂ ನಿಯಮ ಒಂದು ಸಾಲಿನದು: ಆರು ಮುಖದ ಡೈಸಿನಲ್ಲಿ ಒಂದೋ ಎರಡೋ ಬಿದ್ದರೆ ಆ ಕಡೆಯವರು ಬೆಚ್ಚಿಬಿದ್ದರು. ಎರಡೂ ಕಡೆ ಉರುಳಿಸಿದರೆ ಒಟ್ಟು 36 ಸಾಧ್ಯತೆ. 16ರಲ್ಲಿ ಯಾರೂ ಬೆಚ್ಚುವುದಿಲ್ಲ, 8ರಲ್ಲಿ ನಾವು ಮಾತ್ರ, 8ರಲ್ಲಿ ಅವರು ಮಾತ್ರ. ಉಳಿದ 4ರಲ್ಲಿ ಇಬ್ಬರೂ! ಮೂಲೆ ತಿರುಗಿದರೆ ಮೂಗಿಗೆ ಮೂಗು, ಎರಡು ಕಡೆಯವರೂ ಕಣ್ಣು ಬಿಟ್ಟುಕೊಂಡು ನಿಂತಿದ್ದಾರೆ. ನಿಯಮದ ಪ್ರಕಾರ ಒಂದಕ್ಕೊಂದು ವಜಾ. ಆಟ ಆಡಿಸುವ ಅವಸರದ ಡಂಜನ್ ಮಾಸ್ಟರ್ ‘ಸರಿ, ಏನೂ ಇಲ್ಲ’ ಎಂದು ಮುಂದೆ ಹೋಗುತ್ತಾನೆ. ನಮ್ಮ ಅಣ್ಣ ಅಂಥ ಹೊತ್ತಿನಲ್ಲಿ ಸುಮ್ಮನೆ ನಮ್ಮ ಮುಖ ನೋಡುತ್ತಿದ್ದರು, ಯಾರಾದರೂ ನಕ್ಕುಬಿಡುವವರೆಗೆ.

ಬೆಚ್ಚಿದವರನ್ನು ಹೊಡೆಯುವುದೇ ಸರ್‌ಪ್ರೈಸಿನ ಲಾಭ ಅಂದುಕೊಂಡವರಿಗೆ ಆಟ ಇನ್ನೂ ಹತ್ತಿಲ್ಲ ಅಂತಲೇ ಅರ್ಥ. ಅದೇ ಬೇಸಿಕ್ ಪುಸ್ತಕದಲ್ಲಿ, ಎದುರಾದವರ ಮನಸ್ಸು ಹೇಗಿದೆ ಎಂದು ತಿಳಿಯಲು ಎರಡು ಡೈಸ್ ಕೂಡಿಸುವ ಕೋಷ್ಟಕವೊಂದಿದೆ. ಎರಡು ಬಿದ್ದರೆ ಮಾತ್ರ ಸೀದಾ ದಾಳಿ, ಹನ್ನೆರಡು ಬಿದ್ದರೆ ಸ್ನೇಹ, ಆರರಿಂದ ಎಂಟು ಬಿದ್ದರೆ ಇನ್ನೂ ಗೊಂದಲ. ಅಂದರೆ ನಿಮ್ಮನ್ನು ಕಾಣದವರನ್ನು ನೀವು ಕಂಡಾಗ ದಕ್ಕುವುದು ಆಯ್ಕೆ: ಹೊಡೆಯಬಹುದು, ಬಂದ ದಾರಿಯಲ್ಲೇ ಹಿಂದೆ ಸರಿಯಬಹುದು, ಮಾತಾಡಿಸಬಹುದು. ಆ ಆಯ್ಕೆಯನ್ನು ಗಳಿಸುವುದು ಡೈಸಿಗೂ ಮುಂಚೆ. ಬಾಗಿಲನ್ನು ಒದ್ದು ಮೊದಲ ಸಲಕ್ಕೆ ತೆರೆಯಲಾಗದಿದ್ದರೆ ಒಳಗಿನವರನ್ನು ಬೆಚ್ಚಿಸುವ ಮಾತೇ ಇಲ್ಲ. ಗೈಗ್ಯಾಕ್ಸರ ಆ 1979ರ ಗೈಡ್ ಸೇರಿದ ‘ಅಡ್ವಾನ್ಸ್ಡ್’ ಆಟದಲ್ಲಿ ಲೋಹದ ಕವಚ ತೊಡದೆ ಗುಂಪಿನಿಂದ ದೂರ, ಮುಂದೆ ನಡೆಯುವ ಎಲ್ಫ್ ಆರಕ್ಕೆ ನಾಲ್ಕು ಸಲ ಬೆಚ್ಚಿಸುತ್ತದೆ. ಕವಚ ಬಿಚ್ಚಿ ಒಂಟಿಯಾಗಿ ನಡೆಯುವ ಧೈರ್ಯಕ್ಕೆ ಸಿಗುವ ಬೆಲೆ ಅದು. ಸರ್‌ಪ್ರೈಸ್ ಇಷ್ಟು ಭಾರದ್ದೇ ಎಂದು ಕೇಳುವವರು ಅಶ್ವತ್ಥಾಮ ಪಾಂಡವರ ಪಾಳಯಕ್ಕೆ ನುಗ್ಗಿದ ರಾತ್ರಿಯನ್ನು ನೆನೆಸಿಕೊಳ್ಳಲಿ.

2014ರ ಐದನೇ ಆವೃತ್ತಿಯಲ್ಲಿ ‘ಸರ್‌ಪ್ರೈಸ್ ರೌಂಡ್’ ಎಂಬುದೇ ಇಲ್ಲ, ಆದರೂ ಎಷ್ಟೋ ಮೇಜುಗಳಲ್ಲಿ ಇವತ್ತಿಗೂ ಅದನ್ನು ಕೂಗುತ್ತಾರೆ. ಅಲ್ಲಿ ಬೆಚ್ಚಿದವನು ತನ್ನ ಮೊದಲ ಸರದಿಯಲ್ಲಿ ಕದಲುವಂತಿಲ್ಲ, ಆ ಸರದಿ ಮುಗಿಯುವವರೆಗೆ ಬೇರೆಯವರ ನಡೆಗೆ ತಟ್ಟನೆ ಕೊಡುವ ಉತ್ತರ, ಅಂದರೆ ರಿಯಾಕ್ಷನ್, ಇಲ್ಲ, ಅಷ್ಟೆ. ಇದರಲ್ಲೊಂದು ಸೊಗಸಿದೆ. ಬೆಚ್ಚಿದ ಕಾವಲುಗಾರನ ಇನಿಶಿಯೇಟಿವ್ ಹಂತಕನದಕ್ಕಿಂತ ಹೆಚ್ಚು ಬಿದ್ದರೆ ಅವನ ಖಾಲಿ ಸರದಿ ಮೊದಲು ಕಳೆದುಹೋಗುತ್ತದೆ, ಕತ್ತಿ ಬೀಸುವ ಹೊತ್ತಿಗೆ ಅವನಿಗೆ ಬೆನ್ನ ಹಿಂದೆ ಏನೋ ಅಳುಕಾಗಿರುತ್ತದೆ, ಅವನು ಇನ್ನು ಬೆಚ್ಚಿದವನಲ್ಲ. ಹಂತಕನ ಆಟಗಾರ ಇದಕ್ಕೆ ಜಗಳ ತೆಗೆಯದ ಮೇಜನ್ನು ನಾನು ನೋಡಿಲ್ಲ. 2024ರ ಪುಸ್ತಕ ಅದನ್ನೂ ಚಪ್ಪೆ ಮಾಡಿತು. ಈಗ ಬೆಚ್ಚಿದವನು ಇನಿಶಿಯೇಟಿವ್‌ಗೆ ಎರಡು ಡೈಸ್ ಉರುಳಿಸಿ ಚಿಕ್ಕದನ್ನು ಇಟ್ಟುಕೊಳ್ಳಬೇಕು, ಸರಾಸರಿ 10.5 ಇದ್ದದ್ದು ಏಳರ ಚಿಲ್ಲರೆಗೆ ಇಳಿಯುತ್ತದೆ. ಹೊಂಚು ಹಾಕಿ ಕೂತವರಿಗೆ ಸಿಕ್ಕ ಕೂಲಿ ಮೂರು ಅಂಕ!

ಬೇರೆ ಆಟಗಳನ್ನೂ ನೋಡಿ. ಸ್ಯಾವೇಜ್ ವರ್ಲ್ಡ್ಸ್‌ನಲ್ಲಿ ಪ್ರತಿ ಸುತ್ತಿಗೂ ಇಸ್ಪೀಟು ಹಂಚುತ್ತಾರೆ, ಜೋಕರ್ ಬಂದವರಿಗೆ ಬೇಕೆಂದಾಗ ಸರದಿ, ನನಗೆ ಇಷ್ಟ. ಪಾತ್‌ಫೈಂಡರ್ ಎರಡನೇ ಆವೃತ್ತಿಯಲ್ಲಿ ನೀವು ಆಗ ಏನು ಮಾಡುತ್ತಿದ್ದಿರೋ ಅದರ ಮೇಲೆ ಇನಿಶಿಯೇಟಿವ್, ಜಾಣತನ. ಅಪೋಕಲಿಪ್ಸ್ ವರ್ಲ್ಡ್‌ನಲ್ಲಿ ಇನಿಶಿಯೇಟಿವ್ ಇಲ್ಲವೇ ಇಲ್ಲ, ಜೋರು ಬಾಯಿಯವರು ಸೇರಿದ ಮೇಜಿನಲ್ಲಿ ಅದನ್ನು ಆಡಬೇಡಿ.

ಹೊಸಬರಿಗೆ ಹಳೆಯ ಪುಸ್ತಕ ಹುಡುಕುವ ತಾಪತ್ರಯವೂ ಬೇಡ. 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲೇ ಸ್ಪೀಡ್ ಫ್ಯಾಕ್ಟರ್ ಎಂಬ ಐಚ್ಛಿಕ ನಿಯಮವಿದೆ. ಮೊದಲು ಏನು ಮಾಡುತ್ತೇವೆಂದು ಹೇಳಬೇಕು, ಪ್ರತಿ ಸುತ್ತಿಗೂ ಹೊಸದಾಗಿ ಉರುಳಿಸಬೇಕು, ಭಾರದ ಆಯುಧಕ್ಕೆ ಎರಡು ಕಳೆಯಬೇಕು, ಮಂತ್ರಕ್ಕೆ ಅದು ಎಷ್ಟನೇ ಮಟ್ಟದ್ದೋ ಅಷ್ಟು. ಪುಸ್ತಕ ಎಲ್ಲರ ಚೀಲದಲ್ಲೂ ಇದೆ. ಆ ಪುಟ ತೆರೆದು ಆಡೋಣ ಎಂದರೆ “ಅದೆಲ್ಲ ಲೇಟಾಗತ್ತೆ ಸರ್” ಎನ್ನುತ್ತಾರೆ, ಫ್ರೈಸಿಗೆ ಅರ್ಧ ಗಂಟೆ ಕಾದು ಕೂತವರು.