ಏರುವುದೆಲ್ಲ ವೇಗೋತ್ಕರ್ಷವೇ?

ಇಪ್ಪತ್ತನಾಲ್ಕು ಪುಟ್ಟ ಆಲೇಖಗಳಿರುವ ಪಟವೊಂದನ್ನು ನೀವು ನೋಡಿರಬಹುದು. ಹನ್ನೆರಡು ಮಾನವ ಸಮಾಜಕ್ಕೆ ಸಂಬಂಧಿಸಿದವು: ಜನಸಂಖ್ಯೆ, ರಸಗೊಬ್ಬರ, ಅಣೆಕಟ್ಟು, ನೀರಿನ ಬಳಕೆ ಇತ್ಯಾದಿ. ಉಳಿದ ಹನ್ನೆರಡು ಪರಿಸರದವು: ಇಂಗಾಲದ ಡೈಆಕ್ಸೈಡ್, ಮೀಥೇನ್, ಓಝೋನ್ ನಷ್ಟ, ಅರಣ್ಯನಾಶ ಮುಂತಾದವು. ವಿಲ್ ಸ್ಟೆಫೆನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿ 2015ರಲ್ಲಿ ಪರಿಷ್ಕರಿಸಿದ ಈ ಪಟ 1750ರಿಂದ 2010ರವರೆಗಿನ ಕಾಲವನ್ನು ತೋರಿಸುತ್ತದೆ. 1950ರ ಸುಮಾರಿಗೆ ಬಹುತೇಕ ರೇಖೆಗಳು ಥಟ್ಟನೆ ಮೇಲೇಳುತ್ತವೆ. ಇದಕ್ಕೆ ಬಂದ ಹೆಸರು ‘ಗ್ರೇಟ್ ಆಕ್ಸಲರೇಷನ್’, ಅಂದರೆ ಮಹಾ ವೇಗೋತ್ಕರ್ಷ.

ಚದುರಿದ್ದ ಮಾಹಿತಿಯನ್ನು ಒಂದೇ ನೋಟಕ್ಕೆ ತಂದದ್ದು ದೊಡ್ಡ ಕೆಲಸ. ಆದರೆ ಭೌತವಿಜ್ಞಾನ ಓದಿದವರು ಹೆಸರಿನಲ್ಲೇ ತುಸು ನಿಲ್ಲಬೇಕು. ವೇಗೋತ್ಕರ್ಷವೆಂದರೆ ಏರಿಕೆಯಲ್ಲ, ಏರಿಕೆಯ ದರದಲ್ಲಾಗುವ ಬದಲಾವಣೆ. ಬ್ರೇಕ್ ಹಾಕಿದ ಬಸ್ಸೂ ನಿಲ್ಲುವವರೆಗೆ ಮುಂದಕ್ಕೇ ಚಲಿಸುತ್ತದೆ.

ನಮ್ಮ ದೇಶದ ಜನಗಣತಿಯನ್ನೇ ನೋಡಿ. 1951ರಲ್ಲಿ 36 ಕೋಟಿ ಇದ್ದವರು 2011ರಲ್ಲಿ 121 ಕೋಟಿ ಆದೆವು. ರೇಖೆ ಕಡಿದಾಗಿ ಏರಿದೆ. ಆದರೆ 1961-71ರ ದಶಕದಲ್ಲಿ ಶೇಕಡಾ 24.8 ಇದ್ದ ಬೆಳವಣಿಗೆ 2001-11ರಲ್ಲಿ 17.7ಕ್ಕೆ ಇಳಿಯಿತು. ಕೊನೆಯ ಎರಡು ದಶಕಗಳಲ್ಲಿ ಸೇರಿದವರ ಸಂಖ್ಯೆ ಹೆಚ್ಚುಕಡಿಮೆ ಒಂದೇ, ತಲಾ 18.2 ಕೋಟಿ. ಇಲ್ಲಿ ವೇಗವಿದೆ, ವೇಗೋತ್ಕರ್ಷ ಇಲ್ಲ.

ಇಂಗಾಲದ ಡೈಆಕ್ಸೈಡ್‌ನ ಕಥೆ ಬೇರೆ. ಮೌನಾ ಲೋವಾದಲ್ಲಿ 1958ರಲ್ಲಿ ಕೀಲಿಂಗ್ ಅಳತೆ ಆರಂಭಿಸಿದಾಗ ಅದು ದಶಲಕ್ಷಕ್ಕೆ 315 ಭಾಗದಷ್ಟಿತ್ತು. ಈಗ 420 ದಾಟಿದೆ. 1960ರ ದಶಕದಲ್ಲಿ ವರ್ಷಕ್ಕೆ ಒಂದು ಭಾಗಕ್ಕಿಂತ ಕಡಿಮೆ ಇದ್ದ ಹೆಚ್ಚಳ ಇಂದು ಎರಡು ಭಾಗಕ್ಕಿಂತ ಹೆಚ್ಚು. ಇದು ನಿಜವಾದ ವೇಗೋತ್ಕರ್ಷ. ಓಝೋನ್ ನಷ್ಟದ ರೇಖೆಯಾದರೋ 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಏರುವುದನ್ನೇ ನಿಲ್ಲಿಸಿತು. ಮೂರನ್ನೂ ಒಂದೇ ಹೆಸರಿನಡಿ ತೋರಿಸಿದರೆ ವಿದ್ಯಾರ್ಥಿಗೆ ಭಯ ಉಳಿಯುತ್ತದೆ, ತಿಳಿವಳಿಕೆ ಉಳಿಯುವುದಿಲ್ಲ.

ಎರಡನೆಯ ಕೊರತೆ ಸರಾಸರಿಯದು. 2004ರ ಪಟದಲ್ಲಿ ಇಡೀ ಮಾನವಕುಲ ಒಂದೇ ರೇಖೆ. 2015ರಲ್ಲಿ ಲೇಖಕರೇ ಇದನ್ನು ತಿದ್ದಿದರು: 2010ರಲ್ಲಿ ಒಇಸಿಡಿ ರಾಷ್ಟ್ರಗಳಲ್ಲಿದ್ದದ್ದು ಜಗತ್ತಿನ ಶೇಕಡಾ 18 ಜನ, ಅವರ ಪಾಲಿನ ಉತ್ಪನ್ನ ಶೇಕಡಾ 74.

ಸರಾಸರಿಯಲ್ಲಿ ನಮ್ಮ ಊರೂ ಕಾಣುವುದಿಲ್ಲ. ಚಿಕ್ಕೋಡಿ ಬಳಿಯ ಕಬ್ಬೂರಿನಲ್ಲಿ ನೀವು ಅಧ್ಯಾಪಕರೆಂದುಕೊಳ್ಳಿ. ಕೃಷ್ಣಾ ತೀರದವರು 2005ರ, 2019ರ ಪ್ರವಾಹಗಳನ್ನು ಮರೆತಿಲ್ಲ. ಬೇಸಿಗೆಯಲ್ಲಿ ಅದೇ ನದಿ ಬತ್ತುವುದನ್ನೂ ಕಂಡಿದ್ದಾರೆ. ಆದರೆ ಎರಡು ಪ್ರವಾಹಗಳು ಎರಡು ಬಿಂದುಗಳಷ್ಟೆ. ಅವುಗಳಿಂದ ಪ್ರವೃತ್ತಿಯನ್ನು ನಿರ್ಣಯಿಸಲಾಗದು.

ಆದ್ದರಿಂದ ವಿದ್ಯಾರ್ಥಿಗಳಿಂದ ಊರಿನ ಬಾವಿಗಳ ನೀರಿನ ಮಟ್ಟವನ್ನು ಮಳೆಗಾಲದ ಮೊದಲು ಮತ್ತು ನಂತರ ಪ್ರತಿವರ್ಷ ಅಳೆಸಿ. ಪಕ್ಕದಲ್ಲಿ ಆ ವರ್ಷದ ಮಳೆ, ಕಬ್ಬಿನ ಎಕರೆಗಳನ್ನು ಬರೆಸಿ. ಒಂದು ಕಂಬಸಾಲಿನಲ್ಲಿ ಅಳತೆ, ಮುಂದಿನದರಲ್ಲಿ ಹಿಂದಿನ ವರ್ಷಕ್ಕೂ ಅದಕ್ಕೂ ಇರುವ ವ್ಯತ್ಯಾಸ. ನೀರು ಇಳಿಯುತ್ತಿದೆಯೇ ಎಂಬುದಕ್ಕೆ ಮೊದಲ ಸಾಲು ಉತ್ತರಿಸುತ್ತದೆ. ಇಳಿಯುವ ವೇಗ ಹೆಚ್ಚುತ್ತಿದೆಯೇ, ಅಂದರೆ ಎಚ್ಚೆತ್ತುಕೊಳ್ಳಲು ಇನ್ನೆಷ್ಟು ಕಾಲವಿದೆ ಎಂಬುದನ್ನು ಎರಡನೆಯದು ಹೇಳುತ್ತದೆ. ಇಪ್ಪತ್ತನಾಲ್ಕು ಆಲೇಖಗಳ ಪಟವನ್ನು ಗೋಡೆಗೆ ಅವಶ್ಯ ತೂಗುಹಾಕಿ. ಇಪ್ಪತ್ತೈದನೆಯದನ್ನು ಮಕ್ಕಳೇ ಬಿಡಿಸಲಿ.