ತಿರುಗುತಟ್ಟೆಯ ವೇಗ: ಹರಳು ಸಾಧಿಸಿದ್ದೆಷ್ಟು?

ಎಲ್‌ಪಿ ರೆಕಾರ್ಡು ನಿಮಿಷಕ್ಕೆ 33⅓ ಸುತ್ತು ತಿರುಗಬೇಕು. ವೇಗ ಸುಮಾರು ಶೇ. 6ರಷ್ಟು ಕುಗ್ಗಿದರೆ ಹಾಡಿನ ಶ್ರುತಿ ಒಂದು ಸ್ವರಸ್ಥಾನ ಕೆಳಗಿಳಿಯುತ್ತದೆ. ವೋಲ್ಟೇಜ್ ಸ್ಟೆಬಿಲೈಸರ್ ಜೋಡಿಸಿದರೆ ಸಾಕೆಂದು ನೀವು ಭಾವಿಸಬಹುದು. ಆದರೆ ಸಿಂಕ್ರೊನಸ್ ಮೋಟಾರಿನ ವೇಗವನ್ನು ನಿರ್ಧರಿಸುವುದು ವಿದ್ಯುತ್ತಿನ ಆವೃತ್ತಿ. 24 ಧ್ರುವಗಳ ಮೋಟಾರು 50 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 250 ಸುತ್ತು ತಿರುಗಿದರೆ, 49 ಹರ್ಟ್ಸ್‌ನಲ್ಲಿ 245 ಸುತ್ತು ಮಾತ್ರ.

ಸ್ಕಾಟ್ಲೆಂಡಿನ ಲಿನ್ ಸೊಂಡೆಕ್ ಎಲ್‌ಪಿ12 ಯಂತ್ರದಲ್ಲಿ ಇಂಥ ಮೋಟಾರು ಬೆಲ್ಟಿನ ಮೂಲಕ ತಿರುಗುತಟ್ಟೆಯನ್ನು ಎಳೆಯುತ್ತಿತ್ತು. 1982ರಲ್ಲಿ ಬಂದ ‘ವಲ್ಹಾಲ’ ಮಂಡಲವು ಕ್ವಾರ್ಟ್ಸ್ ಹರಳಿನ ನೆರವಿನಿಂದ ತನ್ನದೇ 50 ಹರ್ಟ್ಸ್ ವಿದ್ಯುತ್ತನ್ನು ಒದಗಿಸಿತು. 1990ರ ‘ಲಿಂಗೊ’ ಇನ್ನೊಂದು ಹೆಜ್ಜೆ ಮುಂದಿಟ್ಟು, ತಟ್ಟೆ ವೇಗ ಪಡೆದ ಮೇಲೆ ಮೋಟಾರಿನ ವೋಲ್ಟೇಜನ್ನು ಇಳಿಸಿತು. ಭಾರವಾದ ತಟ್ಟೆಯನ್ನು ಹೊರಡಿಸಲು ಹೆಚ್ಚು ಬಲ ಬೇಕು. ತಿರುಗುತ್ತಿರುವಾಗ ಆ ಹೆಚ್ಚುವರಿ ಶಕ್ತಿ ಕಂಪನವಾಗಿ ಮುಳ್ಳನ್ನು ತಲುಪುತ್ತದೆ. ಈ ಉಪಾಯ ಮೆಚ್ಚತಕ್ಕದ್ದು.

ಕೊರತೆ ಬೇರೆಡೆ ಇದೆ. ಈ ಎರಡೂ ಮಂಡಲಗಳು ತಟ್ಟೆಯ ವೇಗವನ್ನು ಅಳೆಯುವುದೇ ಇಲ್ಲ. ಬೆಲ್ಟು ಜಾರಿದರೂ ರಾಟೆಯ ವ್ಯಾಸ ತುಸು ತಪ್ಪಿದರೂ ಹರಳಿಗೆ ತಿಳಿಯದು. 1975ರ ಟೆಕ್ನಿಕ್ಸ್ ಎಸ್‌ಪಿ-10 ಮಾರ್ಕ್ 2 ಯಂತ್ರವಾದರೋ ತಿರುಗುವ ವೇಗವನ್ನು ಹರಳಿನೊಂದಿಗೆ ಹೋಲಿಸಿ ತಿದ್ದಿಕೊಳ್ಳುತ್ತಿತ್ತು. ಲಿನ್ ಕೂಡ 2009ರ ‘ರಾಡಿಕಲ್’ನಲ್ಲಿ ತಟ್ಟೆಯ ಸುತ್ತನ್ನು ಅಳೆಯತೊಡಗಿತು.

ಇವು ಯಾವುವೂ ನಿವಾರಿಸಲಾರದ ದೋಷವೊಂದಿದೆ. ರೆಕಾರ್ಡಿನ ರಂಧ್ರ ಕೇಂದ್ರದಿಂದ 1 ಮಿ.ಮೀ. ಸರಿದಿದ್ದರೆ, 100 ಮಿ.ಮೀ. ತ್ರಿಜ್ಯದಲ್ಲಿ ಶ್ರುತಿಯು ಪ್ರತಿ 1.8 ಸೆಕೆಂಡಿಗೊಮ್ಮೆ ಶೇ. 1ರಷ್ಟು ಏರಿ, ಅಷ್ಟೇ ಇಳಿಯುತ್ತದೆ. ಆದ್ದರಿಂದ ದುಬಾರಿ ಮಂಡಲ ಕೊಳ್ಳುವ ಮುನ್ನ, ಮುಳ್ಳಿನ ತೋಳು ಪ್ರತಿ ಸುತ್ತಿಗೂ ಎಡಬಲಕ್ಕೆ ತೂಗುತ್ತಿದೆಯೇ ಎಂದು ಒಮ್ಮೆ ಗಮನಿಸಿ.